ನೊಣವಿನಕೆರೆಯ ಹೆಸರು ಹೊತ್ತ ಆದೇಶ

ಹೊರಗಿನವರಿಗೆ ನಮ್ಮ ಸೀಮೆಯ ಪರಿಚಯವಿರುವುದು ಕೊಬ್ಬರಿಯಿಂದ. ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಯ ಹರಾಜು ಏರಿತೋ ಇಳಿಯಿತೋ ಎಂಬುದನ್ನು ನೋಡಿಕೊಂಡು ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿಯವರೆಗೆ ಮದುವೆಗಳ ಅದ್ದೂರಿ ನಿರ್ಧಾರವಾಗುವ ನಾಡು ಇದು. ಆದರೆ ವಕೀಲರಿಗೂ ನ್ಯಾಯಾಧೀಶರಿಗೂ ಇಲ್ಲಿನ ಒಂದು ಹೋಬಳಿಯ ಹೆಸರು ಬೇರೆಯೇ ಕಾರಣಕ್ಕೆ ಪರಿಚಿತವಾಗಿದೆ. ಅತ್ಯಾಚಾರಕ್ಕೆ ಒಳಗಾದವರ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ದಾಖಲಿಸಿಕೊಳ್ಳುವ ವಿಚಾರ ಬಂದಾಗ ಮತ್ತೆ ಮತ್ತೆ ಉಲ್ಲೇಖವಾಗುವ ಸರ್ವೋಚ್ಚ ನ್ಯಾಯಾಲಯದ ಆದೇಶವೊಂದರ ತಲೆಬರಹದಲ್ಲಿ ‘ಕರ್ನಾಟಕ ರಾಜ್ಯ, ನೊಣವಿನಕೆರೆ ಪೊಲೀಸರ ಮೂಲಕ’ ಎಂದಿದೆ. 2014ರ ಏಪ್ರಿಲ್ 25ರಂದು ಆ ಆದೇಶವನ್ನು ಇತ್ತವರು ನ್ಯಾಯಮೂರ್ತಿ ಜ್ಞಾನ ಸುಧಾ ಮಿಶ್ರಾ ಮತ್ತು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡ.

ಆ ಮೊಕದ್ದಮೆಯ ಒಳವಿವರಗಳನ್ನು ನಾನಿಲ್ಲಿ ಬರೆಯುವುದಿಲ್ಲ. ನೊಂದ ಜೀವ ನಮ್ಮ ನಡುವೆಯೇ ಎಲ್ಲೋ ಬದುಕಿರಬಹುದು. ಆದೇಶದ ಸಾರವನ್ನಷ್ಟೇ ಹೇಳುತ್ತೇನೆ. ಅಪರಾಧದ ಸುದ್ದಿ ಬಂದೊಡನೆ ತನಿಖಾಧಿಕಾರಿಯು ನೊಂದವಳನ್ನು ಮ್ಯಾಜಿಸ್ಟ್ರೇಟರ ಬಳಿಗೆ, ಸಾಧ್ಯವಾದಷ್ಟೂ ಮಹಿಳಾ ಮ್ಯಾಜಿಸ್ಟ್ರೇಟರ ಬಳಿಗೆ, ಕರೆದೊಯ್ಯಬೇಕು. ಸುದ್ದಿ ತಿಳಿದ ದಿನ ಮತ್ತು ಗಂಟೆ, ಕರೆದೊಯ್ದ ದಿನ ಮತ್ತು ಗಂಟೆ ಎರಡನ್ನೂ ಬರೆದಿಡಬೇಕು. ನಡುವೆ 24 ಗಂಟೆ ಮೀರಿದರೆ ಏಕೆ ಮೀರಿತೆಂದು ಕೇಸ್ ಡೈರಿಯಲ್ಲಿ ಕಾರಣ ಬರೆದು ಅದರ ಪ್ರತಿಯನ್ನು ಮ್ಯಾಜಿಸ್ಟ್ರೇಟರಿಗೆ ಕೊಡಬೇಕು. ವೈದ್ಯಕೀಯ ಪರೀಕ್ಷೆ ಕೂಡಲೇ ಆಗಬೇಕು. ದಾಖಲಾದ ಹೇಳಿಕೆಯಲ್ಲಿರುವುದನ್ನು ಆರೋಪಪಟ್ಟಿ ಸಲ್ಲಿಕೆಯಾಗುವವರೆಗೆ ತನಿಖಾಧಿಕಾರಿಯು ಯಾರಿಗೂ ಬಾಯಿಬಿಡಬಾರದು. ದೇಶದ ಎಲ್ಲ ಠಾಣೆಗಳಿಗೂ ಅನ್ವಯಿಸುವಂತೆ ಇದನ್ನು ಹೇಳಲಾಯಿತು. ಮಹಿಳಾ ಮ್ಯಾಜಿಸ್ಟ್ರೇಟರ ಮಾತು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 183ನೆಯ ಕಲಮಿನಲ್ಲಿ ಶಾಸನವೇ ಆಗಿದೆ.

ನಿವೃತ್ತ ಮೇಷ್ಟರಿಗೆ ಈ ಕಾನೂನಿನ ಉಸಾಬರಿ ಏಕೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕಾರಣವಿದೆ. ಆ ಆದೇಶದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎರಡು ಗಂಟೆಗಳ ಲೆಕ್ಕ. ನ್ಯಾಯಾಲಯವು ಪೊಲೀಸರು ಏನು ಮಾಡಬೇಕು, ಮ್ಯಾಜಿಸ್ಟ್ರೇಟರು ಏನು ಮಾಡಬೇಕು ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ನಡುವಿನ ಅಂತರವನ್ನು ನೋಡಿತು. ನೊಂದವರು ಕಳೆದುಹೋಗುವುದು ಆ ಅಂತರದಲ್ಲಿಯೇ. ನೊಂದದ್ದು ಮಗುವಾದರೆ ಇಂತಹ ಅಂತರಗಳು ಒಂದಲ್ಲ, ಎಂಟೋ ಹತ್ತೋ ಇರುತ್ತವೆ. ಅವುಗಳಲ್ಲಿ ಮೊದಲನೆಯದು ಬಹಳಷ್ಟು ಸಲ ನಮ್ಮ ಶಾಲೆಯ ಮೆಟ್ಟಿಲಿನ ಮೇಲೆಯೇ ಇರುತ್ತದೆ.

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, ಎಲ್ಲರ ಬಾಯಲ್ಲಿ ಪೋಕ್ಸೋ ಎಂದೇ ಆಗಿರುವುದು, 2012ರ ನವೆಂಬರ್ 14ರಂದು ಜಾರಿಗೆ ಬಂತು. ಕಾಗದದ ಮೇಲೆ ಅದು ಒಳ್ಳೆಯ ಕಾಯ್ದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದೆಡೆ ಬರೆದುಕೊಳ್ಳಬೇಕು. ಬರೆದುಕೊಳ್ಳುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಬಾರದು. ಹೆಣ್ಣುಮಗುವಿನ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕು, ಮಗು ನಂಬುವವರು ಜೊತೆಗಿರಬೇಕು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ನ್ಯಾಯಾಲಯದಲ್ಲಿ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಆರೋಪಿಯ ಮುಖ ಮಗುವಿಗೆ ಕಾಣಬಾರದು. ಮಗುವಿನ ಸಾಕ್ಷ್ಯ 30 ದಿನಗಳೊಳಗೆ, ವಿಚಾರಣೆ ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ಮುಗಿಯಬೇಕು.

ಇಷ್ಟೆಲ್ಲ ಇದ್ದೂ ಮಗುವಿನ ದೃಷ್ಟಿಯಿಂದ ನೋಡಿ. ಅದು ಮೊದಲು ಬಾಯಿಬಿಡುವುದು ಗೆಳತಿಯ ಬಳಿ ಅಥವಾ ತರಗತಿಯ ಮೇಡಮ್ಮಿನ ಬಳಿ. ಮೇಡಂ ಮುಖ್ಯೋಪಾಧ್ಯಾಯರ ಕೋಣೆಗೆ ಕರೆದೊಯ್ಯುತ್ತಾರೆ. ಅಲ್ಲಿ ಇನ್ನೊಮ್ಮೆ. ತಾಯಿಯನ್ನು ಕರೆಸಿ ಇನ್ನೊಮ್ಮೆ. ಠಾಣೆಯಿಂದ ಬಂದವರ ಮುಂದೆ, ವೈದ್ಯೆಯ ಮುಂದೆ, ಮ್ಯಾಜಿಸ್ಟ್ರೇಟರ ಮುಂದೆ, ತುಮಕೂರಿನಲ್ಲಿ ಸಮಿತಿಯ ಮುಂದೆ, ಆಪ್ತ ಸಮಾಲೋಚಕರ ಮುಂದೆ, ಸರ್ಕಾರಿ ಅಭಿಯೋಜಕರ ಮುಂದೆ, ಕಡೆಗೆ ನ್ಯಾಯಾಲಯದಲ್ಲಿ. ಎಲ್ಲರದೂ ಒಂದೇ ಪ್ರಶ್ನೆ: ‘ಏನಾಯಿತು, ಹೇಳಮ್ಮ.’ ಪ್ರತಿಯೊಬ್ಬರೂ ಅಕ್ಕರೆಯಿಂದಲೇ ಕೇಳಿರಬಹುದು. ಆದರೆ ಪಾಠ ಹೇಳಿದ ಯಾರಿಗಾದರೂ ಗೊತ್ತಿರುವ ಸಂಗತಿಯೊಂದಿದೆ. ಒಂದೇ ಲೆಕ್ಕವನ್ನು ಮೂರು ಸಲ ಕೇಳಿದರೆ, ಮಗು ತನ್ನ ಉತ್ತರ ತಪ್ಪಿರಬೇಕೆಂದು ಎಣಿಸಿ ಅದನ್ನು ಬದಲಾಯಿಸುತ್ತದೆ. ಸರಿಯುತ್ತರ ಹೇಳಿದ ಮಗುವೂ ಬದಲಾಯಿಸುತ್ತದೆ, ಏಕೆಂದರೆ ದೊಡ್ಡವರು ಮತ್ತೆ ಕೇಳುವುದು ಮೊದಲ ಉತ್ತರ ಹಿಡಿಸದಿದ್ದಾಗ ಎಂಬುದು ಅದರ ಅನುಭವ. ಹೀಗೆ ಬದಲಾದ ಒಂದೊಂದು ಮಾತನ್ನೂ ಆರೋಪಿಯ ವಕೀಲರು ನ್ಯಾಯಾಲಯದಲ್ಲಿ ಎತ್ತಿ ತೋರಿಸುತ್ತಾರೆ. ಅದು ಅವರ ಕೆಲಸ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ದೂರಬೇಕಾದದ್ದು ಮಗುವನ್ನು ಹತ್ತು ಸಲ ಕೇಳಿದ ನಮ್ಮನ್ನು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಶಿಕ್ಷಕರು, ಪೊಲೀಸರು, ವೈದ್ಯರು, ಸಮಿತಿಯವರು, ಅಭಿಯೋಜಕರು ತಮ್ಮತಮ್ಮಲ್ಲಿ ಮಾತನಾಡಿಕೊಂಡಷ್ಟೂ ಮಗು ಮಾತನಾಡಬೇಕಾದದ್ದು ಕಡಿಮೆಯಾಗುತ್ತದೆ. ಈಗ ನಡೆಯುತ್ತಿರುವುದು ತದ್ವಿರುದ್ಧ. ದೊಡ್ಡವರು ಒಬ್ಬರಿಗೊಬ್ಬರು ಕಾಗದ ಬರೆಯುತ್ತಾರೆ. ಮಗು ಅವರ ನಡುವೆ ಟಪಾಲಿನಂತೆ ಓಡಾಡುತ್ತದೆ.

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಸಂಗತಿ ನನಗೆ ತಿಳಿದುಬಂತು. ಊರು, ಶಾಲೆ, ವರ್ಷ ಯಾವುದನ್ನೂ ಹೇಳುವುದಿಲ್ಲ. (2018ರ ಡಿಸೆಂಬರಿನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದಂತೆ, ಹೆಸರು ಮಾತ್ರವಲ್ಲ, ಮಗುವಿನ ಗುರುತು ಹಿಡಿಯಲು ನೆರವಾಗುವ ಯಾವ ವಿವರವನ್ನೂ ಹೊರಗೆಡಹಬಾರದು. ನಮ್ಮ ಸ್ಟಾಫ್ ರೂಮುಗಳಿಗೂ ಇದು ತಿಳಿದಿದ್ದರೆ ಚೆನ್ನಾಗಿತ್ತು.) ಆಕೆಯ ಸಾಕ್ಷ್ಯದ ದಿನ ಪೂರ್ವಸಿದ್ಧತಾ ಪರೀಕ್ಷೆಯ ದಿನವೇ ಬಂತು. ನ್ಯಾಯಾಲಯಕ್ಕೆ ಪರೀಕ್ಷೆಯ ವಿಷಯ ಗೊತ್ತಿರಲಿಲ್ಲ, ಶಾಲೆಗೆ ಸಮನ್ಸಿನ ವಿಷಯ ಗೊತ್ತಿರಲಿಲ್ಲ. ತಾಯಿಗೆ ಎರಡೂ ಗೊತ್ತಿದ್ದವು. ಆದರೆ ಯಾರಿಗೆ ಹೇಳಬೇಕೆಂಬುದು ತಿಳಿಯದು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯವರೆಗೆ ಕುಳಿತರು. ಅಂದು ವಿಚಾರಣೆ ಮುಂದಕ್ಕೆ ಹೋಯಿತು. ಶಾಲೆಯ ಹಾಜರಿಯಲ್ಲಿ ‘ಗೈರು’ ಎಂದು ಬಿತ್ತು. ಇಂತಹುದೇ ಮತ್ತೆರಡು ದಿನಗಳಾದ ಮೇಲೆ ಹುಡುಗಿ ವರ್ಗಾವಣೆ ಪತ್ರ ತೆಗೆದುಕೊಂಡು ದೂರದ ನೆಂಟರ ಮನೆ ಸೇರಿದಳು. ಆಕೆ ಶಾಲೆ ಬಿಟ್ಟದ್ದು ಸಮಿತಿಗೆ ತಿಳಿದದ್ದು ಬಹಳ ತಡವಾಗಿ. ಇದರಲ್ಲಿ ಯಾರೊಬ್ಬರೂ ಕರ್ತವ್ಯಲೋಪ ಮಾಡಿದರೆನ್ನುವಂತಿಲ್ಲ. ನಾಲ್ವರಿಗೂ ಕಾಲು ಕಾಲು ಭಾಗ ಗೊತ್ತಿತ್ತು, ಪೂರ್ತಿ ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

ಆ ಪೂರ್ತಿಯನ್ನು ತಿಳಿದಿರಬೇಕಾದವರಿಗೆ ಕಾನೂನಿನಲ್ಲಿ ಹೆಸರಿದೆ: ಬೆಂಬಲ ವ್ಯಕ್ತಿ. 2020ರ ಪೋಕ್ಸೋ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯು ಮಗು ಮತ್ತು ಪಾಲಕರ ಒಪ್ಪಿಗೆ ಪಡೆದು ಇಂತಹವರೊಬ್ಬರನ್ನು ನೇಮಿಸುತ್ತದೆ. ತನಿಖೆಯಿಂದ ವಿಚಾರಣೆ ಮುಗಿಯುವವರೆಗೆ ಅವರು ಮಗುವಿನ ಜೊತೆಗಿರಬೇಕು, ತಿಂಗಳಿಗೊಮ್ಮೆ ಸಮಿತಿಗೆ ವರದಿ ಕೊಡಬೇಕು. ವಕೀಲಿಕೆ ಅವರ ಕೆಲಸವಲ್ಲ. ಮುಂದಿನ ದಿನಾಂಕ ಯಾವುದು, ಅಲ್ಲಿಗೆ ಹೋಗುವುದು ಹೇಗೆ, ಕೋಣೆಯಲ್ಲಿ ಯಾರು ಯಾರಿರುತ್ತಾರೆ, ನೀರು ಕೇಳಬಹುದೇ, ಅಳು ಬಂದರೆ ನಿಲ್ಲಿಸಬಹುದೇ ಎಂಬುದನ್ನೆಲ್ಲ ಮಗುವಿಗೆ ಮೊದಲೇ ತಿಳಿಸಿಕೊಡುವುದು ಅವರ ಕೆಲಸ. ಬೆಂಬಲ ವ್ಯಕ್ತಿ ಬೇಕೋ ಬೇಡವೋ ಎಂಬುದನ್ನು ಕಂಗೆಟ್ಟ ತಂದೆತಾಯಿಗಳ ವಿವೇಚನೆಗೆ ಬಿಟ್ಟು ಕೈತೊಳೆದುಕೊಳ್ಳಬಾರದೆಂದು ಸರ್ವೋಚ್ಚ ನ್ಯಾಯಾಲಯ 2023ರ ಆಗಸ್ಟಿನಲ್ಲಿ ಹೇಳಿತು. ಬೆಂಗಳೂರಿನಲ್ಲಿ 2001ರಲ್ಲಿ ಡಾ. ಸಂಗೀತಾ ಸಕ್ಸೇನಾ ಮತ್ತು ಡಾ. ಶೈಬ್ಯಾ ಸಲ್ಡಾನಾ ಎಂಬ ಇಬ್ಬರು ಸ್ತ್ರೀರೋಗ ತಜ್ಞೆಯರು ಆರಂಭಿಸಿದ ಎನ್‌ಫೋಲ್ಡ್ ಸಂಸ್ಥೆ ಈ ಕೆಲಸವನ್ನು ಮಾಡಿ ತೋರಿಸಿದೆ. ಮಕ್ಕಳ ಮನಸ್ಸಿನ ಬಗ್ಗೆ ನ್ಯಾಯಾಧೀಶರಿಗೂ ಪೊಲೀಸರಿಗೂ ತಿಳಿವಳಿಕೆ ಕೊಡುವ ಕೆಲಸವನ್ನು ನಿಮ್ಹಾನ್ಸಿನವರು ಮಾಡಿದ್ದಾರೆ. ಬೆಂಗಳೂರಿನಲ್ಲಿ ಇವೆಲ್ಲ ಕೈಗೆಟುಕುವ ದೂರದಲ್ಲಿವೆ. ಹಂದನಕೆರೆಯಲ್ಲಿ, ದಬ್ಬೇಘಟ್ಟದಲ್ಲಿ, ಹುಳಿಯಾರಿನ ಆಚೆಯ ಹಳ್ಳಿಗಳಲ್ಲಿ?

ನಮ್ಮ ಕಡೆಗೆ ಬೆಂಬಲ ವ್ಯಕ್ತಿಯಾಗಿ ಬರುವವರು ಯಾರು ಎಂದು ಯೋಚಿಸಿದಾಗ ನನಗೆ ಹೊಳೆಯುವುದು ನಿವೃತ್ತ ಶಿಕ್ಷಕಿಯರು, ನಿವೃತ್ತ ನರ್ಸುಗಳು. ತಾಲ್ಲೂಕಿನಲ್ಲಿ ಅಂತಹವರು ಎಷ್ಟೋ ಮಂದಿ ಇದ್ದಾರೆ. ಮಕ್ಕಳ ಜೊತೆ ಮಾತನಾಡಬಲ್ಲರು, ಕಚೇರಿಯ ಕಾಗದ ಓದಬಲ್ಲರು, ಬಾಯಿ ಗಟ್ಟಿ ಇಟ್ಟುಕೊಳ್ಳಬಲ್ಲರು (ಎಲ್ಲರೂ ಅಲ್ಲ, ಬಲ್ಲೆ). ತರಬೇತಿ ಕೊಟ್ಟು, ಪ್ರಯಾಣದ ವೆಚ್ಚ ಕೊಟ್ಟು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇವರನ್ನು ಬಳಸಿಕೊಳ್ಳಬೇಕು. ಇದು ದೊಡ್ಡ ಖರ್ಚಿನ ಬಾಬತ್ತಲ್ಲ.

ಶಾಲೆಗೆ ಸಂಬಂಧಿಸಿದ ಇನ್ನೊಂದು ಮಾತು ಇದೆ. ಅದು ನೋಡಲು ಸಣ್ಣದು, ಪರಿಣಾಮದಲ್ಲಿ ಬಹಳ ದೊಡ್ಡದು. ಪೋಕ್ಸೋ ಪ್ರಕರಣದಲ್ಲಿ ಮೊದಲು ಸಾಬೀತಾಗಬೇಕಾದದ್ದು ನೊಂದವಳು 18 ವರ್ಷದೊಳಗಿನವಳು ಎಂಬುದು. 2015ರ ಬಾಲನ್ಯಾಯ ಕಾಯ್ದೆಯ 94ನೆಯ ಕಲಮಿನ ಪ್ರಕಾರ ಮೊದಲ ಸ್ಥಾನ ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರಕ್ಕೆ ಅಥವಾ ಎಸ್ಸೆಸ್ಸೆಲ್ಸಿಯಂತಹ ಪ್ರಮಾಣಪತ್ರಕ್ಕೆ. ಅದಿಲ್ಲದಿದ್ದರೆ ಪುರಸಭೆ, ಪಂಚಾಯಿತಿಗಳ ಜನನ ಪ್ರಮಾಣಪತ್ರಕ್ಕೆ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆಯ ಪರೀಕ್ಷೆ. ಈಗ ನಮ್ಮ ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳನ್ನು ನೆನೆಸಿಕೊಳ್ಳಿ. ಒಂದು ತರಗತಿಯ ಅರ್ಧ ಮಕ್ಕಳು ಜೂನ್ 1ರಂದೇ ಹುಟ್ಟಿರುವ ಪವಾಡವನ್ನು ನಿಮ್ಮಲ್ಲಿ ಬಹಳ ಮಂದಿ ಸ್ವಂತ ಅನುಭವದಿಂದ ಬಲ್ಲಿರಿ! ಶಾಲೆಗೆ ಸೇರಿಸಲು ಅನುಕೂಲವಾದ ದಿನವನ್ನು ಹುಟ್ಟಿದ ದಿನವೆಂದು ಬರೆಯುವ ಪದ್ಧತಿ ನಾಡಿನಾದ್ಯಂತ ಇತ್ತು. ನಗೆಯ ವಿಷಯವೆನಿಸುವ ಇದು ನ್ಯಾಯಾಲಯದ ಕಟಕಟೆಯಲ್ಲಿ ನಗೆಯಾಗಿ ಉಳಿಯುವುದಿಲ್ಲ. ನನ್ನ ಸ್ನೇಹಿತರಾದ ಮುಖ್ಯೋಪಾಧ್ಯಾಯರೊಬ್ಬರು ದಾಖಲಾತಿ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಸಾಕ್ಷಿ ಹೇಳಲು ಹೋದಾಗ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಈ ದಿನಾಂಕವನ್ನು ಯಾವ ಆಧಾರದ ಮೇಲೆ ಬರೆಯಲಾಯಿತು?’ ಅವರು ಆ ಶಾಲೆಗೆ ಬರುವ ಮುಂಚೆ ಬರೆದದ್ದು. ಏನು ಹೇಳಿಯಾರು?

2023ರ ಜುಲೈನಲ್ಲಿ ತಮಿಳುನಾಡಿನ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆಯ ವರ್ಗಾವಣೆ ಪತ್ರ ವಯಸ್ಸಿನ ಪುರಾವೆಗೆ ಸಾಲದೆಂದು ಹೇಳಿ ಪೋಕ್ಸೋ ಅಡಿಯ ಶಿಕ್ಷೆಯನ್ನು ರದ್ದುಪಡಿಸಿತು. ಹಾಗಾಗಿ ಈಗ ಸೇವೆಯಲ್ಲಿರುವ ನನ್ನ ವಿದ್ಯಾರ್ಥಿ ಶಿಕ್ಷಕರಿಗೆ ಹೇಳುವುದು ಇದು. ಒಂದನೆಯ ತರಗತಿಗೆ ಮಗುವನ್ನು ಸೇರಿಸಿಕೊಳ್ಳುವಾಗ ಜನನ ಪ್ರಮಾಣಪತ್ರದ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯಿರಿ, ಪ್ರತಿಯನ್ನು ಕಡತದಲ್ಲಿ ಇಡಿ. ಹತ್ತು ವರ್ಷಗಳ ಮೇಲೆ, ನೀವು ಬೇರೆ ಊರಿಗೆ ವರ್ಗವಾಗಿ ಹೋದ ಮೇಲೆ, ಆ ಒಂದು ಸಾಲು ಒಬ್ಬ ಮಗುವಿನ ಬೆನ್ನಿಗೆ ನಿಲ್ಲಬಹುದು.

ರಾಜಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಬಿಟ್ಟು ಮಕ್ಕಳ ರಕ್ಷಣೆಯ ಮಾತನಾಡಿದರೆ ಅದು ನಮ್ಮ ಸೀಮೆಯ ಮಾತಾಗುವುದಿಲ್ಲ. ಇಲ್ಲಿ ಎಷ್ಟೋ ಮನೆಗಳು ತೋಟದ ಮನೆಗಳು. ಕಾಯಿ ಸುಲಿಯುವವರು, ನಾರಿನ ಕೆಲಸಕ್ಕೆ ಹೋಗುವವರು ಯಾರದೋ ತೋಟವನ್ನು ನಂಬಿ ಬದುಕುವವರು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆ ಇರುವುದಿಲ್ಲ. ಕೆಟ್ಟದ್ದು ಮಾಡುವವನು ಹೊರಗಿನಿಂದ ಬರುವ ರಾಕ್ಷಸನೂ ಅಲ್ಲ. ಪರಿಚಿತ, ಬಂಧು, ಕೂಲಿ ಕೊಡುವವನು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳ ಮತ್ತು ಕಾನೂನು ಕೇಂದ್ರದವರು 2017ರಲ್ಲಿ ಕರ್ನಾಟಕದ ವಿಶೇಷ ನ್ಯಾಯಾಲಯಗಳ ಅಧ್ಯಯನವನ್ನು ಹೊರತಂದಾಗ, ಮಕ್ಕಳು ಸಾಕ್ಷ್ಯದ ಹೊತ್ತಿಗೆ ಹೇಳಿಕೆಯಿಂದ ಹಿಂದೆ ಸರಿಯುವುದು ದೊಡ್ಡ ಸಮಸ್ಯೆಯೆಂದು ಕಂಡುಬಂದಿತ್ತು. ಕಾನೂನಿನ ಭಾಷೆಯಲ್ಲಿ ಅಂತಹ ಮಗುವನ್ನು ‘ಪ್ರತಿಕೂಲ ಸಾಕ್ಷಿ’ ಎನ್ನುತ್ತಾರೆ. ಎಂತಹ ಕ್ರೂರ ಪದ! ಮಗು ಯಾರಿಗೂ ಪ್ರತಿಕೂಲವಲ್ಲ. ಊಟ ಹಾಕುವವರ ಮುಖ ನೋಡಿ ಅದು ಸುಮ್ಮನಾಗಿದೆ. ಊರ ಹಿರಿಯರು ಕುಳಿತು ಇಷ್ಟು ಸಾವಿರ ಎಂದು ತೀರ್ಮಾನಿಸಿ, ಎರಡು ಮನೆಯ ಮಾನ ಉಳಿಸಿದೆವೆಂದು ಎದ್ದು ಹೋಗುತ್ತಾರೆ. ಮಗುವಿನ ಮಾನದ ಲೆಕ್ಕ ಆ ಸಭೆಯಲ್ಲಿ ಬರುವುದಿಲ್ಲ.

ಇದಕ್ಕೆ ಉಪದೇಶದಿಂದ ಪರಿಹಾರವಿಲ್ಲ, ಹಣದಿಂದ ಇದೆ. ಅದೇ 2020ರ ನಿಯಮಗಳಲ್ಲಿ, ಮಗುವಿನ ಆಹಾರ, ಬಟ್ಟೆ, ಪ್ರಯಾಣದಂತಹ ತುರ್ತು ಅಗತ್ಯಗಳಿಗೆ ಕೂಡಲೇ ಹಣ ಕೊಡುವಂತೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು, ಅದು ಒಂದು ವಾರದೊಳಗೆ ಪಾವತಿಯಾಗಬೇಕು ಎಂದಿದೆ. ವಿಚಾರಣೆ ಮುಗಿಯುವ ಮುನ್ನವೇ ಮಧ್ಯಂತರ ಪರಿಹಾರವನ್ನು ವಿಶೇಷ ನ್ಯಾಯಾಲಯ ಕೊಡಿಸಬಹುದು. ಕೂಲಿ ತಪ್ಪಿದ ತಾಯಿಗೆ ಆ ವಾರ ಅಕ್ಕಿಗೆ ದಾರಿಯಿದ್ದರೆ, ರಾಜಿಯ ಹಣ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಆದರೆ ಶಿಫಾರಸು ಮಾಡಬೇಕಾದ ಸಮಿತಿಗೆ ಆ ಮನೆಯ ಸ್ಥಿತಿ ತಿಳಿದಿರಬೇಕಲ್ಲ? ತಿಳಿದಿರುವವರು ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಶಾಲೆಯ ಮೇಡಂ. ಅವರನ್ನು ಯಾರೂ ಕೇಳುವುದಿಲ್ಲ, ಅವರಾಗಿಯೇ ಹೇಳಲು ದಾರಿಯೂ ಅವರಿಗೆ ಕಾಣದು.

ಶಿಕ್ಷಕನೇ ಆರೋಪಿಯಾದ ಪ್ರಕರಣಗಳೂ ಇವೆ. ನಮ್ಮ ವೃತ್ತಿಯ ಮರ್ಯಾದೆಗೆ ಅಂಜಿ ಅದನ್ನು ಮುಚ್ಚಿಡುವವನು ನಾನಲ್ಲ. ರಾಜಸ್ಥಾನದ ಒಂದು ಪ್ರಕರಣದಲ್ಲಿ ಆರೋಪಿ ಶಿಕ್ಷಕನಿಗೂ ಹುಡುಗಿಯ ತಂದೆಗೂ ರಾಜಿಯಾಯಿತೆಂದು ಅಲ್ಲಿನ ಉಚ್ಚ ನ್ಯಾಯಾಲಯ ಮೊಕದ್ದಮೆಯನ್ನೇ ರದ್ದುಗೊಳಿಸಿತ್ತು. 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ರದ್ದತಿಯನ್ನು ತಳ್ಳಿಹಾಕಿತು. ಇಂತಹ ಅಪರಾಧ ಇಬ್ಬರ ನಡುವಿನ ಖಾಸಗಿ ವ್ಯವಹಾರವಲ್ಲ ಎಂದಿತು. ಶಾಲೆಯ ಹೆಸರು ಕೆಡುತ್ತದೆ, ಮುಂದಿನ ವರ್ಷ ದಾಖಲಾತಿ ಕುಸಿಯುತ್ತದೆ ಎಂಬ ಭಯದಿಂದ ಒಳಗೊಳಗೇ ಮುಗಿಸುವ ಆಡಳಿತ ಮಂಡಳಿಗಳು ಇದನ್ನು ಗಮನಿಸಬೇಕು. ತಿಳಿದೂ ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಲು ಕಾಯ್ದೆಯ 21ನೆಯ ಕಲಮಿನಲ್ಲಿ ಅವಕಾಶವಿದೆ.

ಹದಿನಾರು ಹದಿನೇಳರ ಹುಡುಗ ಹುಡುಗಿಯರು ಪ್ರೀತಿಸಿ ಓಡಿಹೋದ ಪ್ರಕರಣಗಳೂ ಇದೇ ಕಾಯ್ದೆಯಡಿ ಬರುತ್ತವೆಂಬುದು ನಿಜವಾದ ತೊಡಕು. 2022ರ ನವೆಂಬರಿನಲ್ಲಿ ನಮ್ಮ ಉಚ್ಚ ನ್ಯಾಯಾಲಯದ ಧಾರವಾಡ ಪೀಠ ವಯೋಮಿತಿಯ ಬಗ್ಗೆ ಮರುಚಿಂತನೆ ನಡೆಸುವಂತೆ ಕಾನೂನು ಆಯೋಗವನ್ನು ಕೋರಿತು. 2023ರಲ್ಲಿ ಆಯೋಗ 18ನ್ನು ಬದಲಿಸುವುದು ಬೇಡವೆಂದಿತು. ಅದು ಪ್ರತ್ಯೇಕ ಲೇಖನಕ್ಕೇ ಆಗುವ ವಿಷಯ. ಅದೇ ತೀರ್ಪಿನಲ್ಲಿ ಒಂಬತ್ತನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಈ ಕಾಯ್ದೆಯನ್ನು ತಿಳಿಸಿಕೊಡಲು ಶಿಕ್ಷಣ ಇಲಾಖೆಗೆ ಹೇಳಿದ್ದನ್ನು ಮಾತ್ರ ಇಲ್ಲಿ ನೆನಪಿಸುತ್ತೇನೆ.

ಈಗ ನಿಮ್ಮ ಸರದಿ. ನನ್ನ ಕೈಯಲ್ಲಿ ಕಲಿತವರಲ್ಲಿ ವಕೀಲರಾದವರಿದ್ದೀರಿ, ಪೊಲೀಸ್ ಇಲಾಖೆ ಸೇರಿದವರಿದ್ದೀರಿ, ನರ್ಸುಗಳಿದ್ದೀರಿ, ವೈದ್ಯರಾದವರೂ ಇದ್ದೀರಿ, ಶಿಕ್ಷಕರಂತೂ ಲೆಕ್ಕವಿಲ್ಲದಷ್ಟು. ಒಂದೇ ಬೆಂಚಿನಲ್ಲಿ ಕೂತವರು ಈಗ ಒಂದೇ ಮಗುವಿನ ಕಡತದ ನಾಲ್ಕು ಹಾಳೆಗಳನ್ನು ನಾಲ್ಕು ಕಚೇರಿಗಳಲ್ಲಿ ಹಿಡಿದು ಕೂತಿರಬಹುದು. ಮಗುವಿನ ಗುರುತು ಹೊರಹೋಗದಂತೆ, ಕಾನೂನು ಒಪ್ಪುವಷ್ಟನ್ನು, ನಿಮ್ಮ ನಿಮ್ಮಲ್ಲಿ ಹಂಚಿಕೊಳ್ಳುವುದಕ್ಕೆ ಯಾವ ಅಡ್ಡಿಯಿದೆ? ವಕೀಲರಾದವರು ದಿನಾಂಕ ಕೇಳುವ ಮುನ್ನ ಶಾಲೆಯ ಪರೀಕ್ಷೆಯ ವೇಳಾಪಟ್ಟಿ ತರಿಸಿಕೊಳ್ಳಿ. ಪೊಲೀಸರಾದವರು ನೊಣವಿನಕೆರೆಯ ಹೆಸರಿನ ಆ ಆದೇಶವನ್ನು ಠಾಣೆಯಲ್ಲಿ ಕಣ್ಣಿಗೆ ಬೀಳುವಂತೆ ತೂಗುಹಾಕಿ. ನಮ್ಮ ಜಿಲ್ಲೆಯ ಠಾಣೆಯೊಂದರ ಹೆಸರು ಅದರಲ್ಲಿದೆ, ಅದನ್ನು ಪಾಲಿಸುವುದರಲ್ಲಿಯೂ ನಮ್ಮ ಜಿಲ್ಲೆ ಮುಂದಿರಲಿ. 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ದುರ್ಬಲ ಸಾಕ್ಷಿಗಳಿಗಾಗಿ ಪ್ರತ್ಯೇಕ ಸಾಕ್ಷ್ಯ ಕೇಂದ್ರಗಳನ್ನು ಸ್ಥಾಪಿಸುವಂತೆ ಎಲ್ಲ ಉಚ್ಚ ನ್ಯಾಯಾಲಯಗಳಿಗೂ ಸೂಚಿಸಿತು. ಅಂತಹ ಕೋಣೆ ತಾಲ್ಲೂಕು ಕೇಂದ್ರದಲ್ಲಿಯೂ ಇರಬೇಕೆಂದು ವಕೀಲರ ಸಂಘಗಳು ಕೇಳಿದರೆ, ಮಗು ಜಿಲ್ಲಾ ಕೇಂದ್ರದವರೆಗೆ ಪ್ರಯಾಣ ಮಾಡುವುದು ತಪ್ಪಬಹುದು.

ಶಿಕ್ಷಕರಿಗೆ ನನ್ನ ಮಾತು ಸ್ವಲ್ಪ ಬೇರೆ. ಮಗು ಹೇಳಿದ್ದನ್ನು ಅಡ್ಡಿಪಡಿಸದೆ ಕೇಳಿ. ಅದರ ಮಾತಿನಲ್ಲಿಯೇ, ನಿಮ್ಮ ವ್ಯಾಕರಣಕ್ಕೆ ತಿದ್ದದೆ, ದಿನಾಂಕ ಮತ್ತು ಗಂಟೆ ಹಾಕಿ ಬರೆದಿಡಿ. ಮತ್ತೆ ಕೇಳಬೇಡಿ, ಮುಖ್ಯೋಪಾಧ್ಯಾಯರ ಮುಂದೆ ಇನ್ನೊಮ್ಮೆ ಹೇಳಿಸಬೇಡಿ. ಪೊಲೀಸರಿಗೆ ತಿಳಿಸಿ; 1098ಕ್ಕೋ 112ಕ್ಕೋ ಕರೆ ಮಾಡಿ. ನಂತರ ಆ ಮಗು ಶಾಲೆ ಬಿಡದಂತೆ ನೋಡಿಕೊಳ್ಳಿ. ವರ್ಗಾವಣೆ ಪತ್ರ ಕೇಳಿ ಪಾಲಕರು ಬಂದರೆ ಕೂಡಿಸಿ ಮಾತನಾಡಿಸಿ, ಸಮಿತಿಗೆ ತಿಳಿಸಿ. ‘ಸಂಶಯ ತಪ್ಪಾಗಿದ್ದರೆ ನಮ್ಮ ಗತಿಯೇನು ಸಾರ್?’ ಎಂದು ಕೇಳುವವರಿದ್ದಾರೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯನ್ನೂ ಹೊರಿಸುವಂತಿಲ್ಲವೆಂದು ಕಾಯ್ದೆಯ 19ನೆಯ ಕಲಮಿನ 7ನೆಯ ಉಪಕಲಮಿನಲ್ಲಿ ಬರೆದಿದೆ. ಅದು ನಿಜವೇ ಅಲ್ಲವೇ ಎಂದು ತೀರ್ಮಾನಿಸುವ ಕೆಲಸ ನ್ಯಾಯಾಲಯದ್ದು, ನಿಮ್ಮದಲ್ಲ.